ಗುಡ್ಡದ ಗ್ಲೈಡರ್ ಕಲಿಸುವಾಗ: ಹಾರಾಟ ಕೆಟ್ಟರೆ ಎಲ್ಲಿಂದ ಹುಡುಕಬೇಕು

ಇಳಿಜಾರಿಗೆ ಬಡಿದ ಗಾಳಿ ಮೇಲಕ್ಕೆ ತಿರುಗುತ್ತದೆ. ನೆಲದಲ್ಲಿ ನಿಂತು ರೇಡಿಯೊದಿಂದ ನಡೆಸುವ, ಮೋಟಾರಿಲ್ಲದ ಪುಟ್ಟ ಗ್ಲೈಡರ್ ಗಂಟೆಗಟ್ಟಲೆ ಆಕಾಶದಲ್ಲಿ ನಿಲ್ಲುವುದು ಆ ಏರುಗಾಳಿಯ ಮೇಲೆ. ಹಾಗಾಗಿ ಹೊಸಬರ ಕೈಯಲ್ಲಿ ಗ್ಲೈಡರ್ ಬಿತ್ತು ಅಂದರೆ ದೋಷ ಮೂರು ಕಡೆ ಇರಬಹುದು: ಗಾಳಿ, ಗ್ಲೈಡರ್, ಕೈ. ಹುಡುಕುವುದೂ ಇದೇ ಸರದಿಯಲ್ಲಿ. ಗಾಳಿ ನೋಡಲು ಒಂದು ಹಿಡಿ ಒಣಹುಲ್ಲು ಸಾಕು, ಕಾಸು ಖರ್ಚಿಲ್ಲ. ಗ್ಲೈಡರ್ ನೋಡಲು ಒಂದು ಸ್ಕೇಲು, ಒಂದು ಮಲ್ಟಿಮೀಟರು, ಹತ್ತು ನಿಮಿಷ. ಕೈ ತಿದ್ದಲು ವಾರಗಟ್ಟಲೆ ಬೇಕು. ಗುಡ್ಡದ ಮೇಲೆ ನಡೆಯುವುದು ಬಹುಪಾಲು ಉಲ್ಟಾ: ಮೊದಲ ಬೈಗುಳ ಕಲಿಯುವವರಿಗೆ, ಗಾಳಿ ಯಾವ ಕಡೆಯದು ಅಂತ ನೋಡುವುದು ಮೂರನೇ ಸಲ ಮೂಗು ಜಜ್ಜಿದ ಮೇಲೆ.

ಇಲ್ಲಿನ ಅಳತೆಗಳು ಇಪಿಪಿ ಫೋಮಿನ, ಬಾಲವಿಲ್ಲದ, 1.2 ಮೀಟರ್ ರೆಕ್ಕೆಯ, 700 ಗ್ರಾಂ ಆಸುಪಾಸಿನ ಗ್ಲೈಡರಿಗೆ. ಬಿದ್ದರೆ ಪುಟಿಯುತ್ತದೆ, ಅದಕ್ಕೇ ಕಲಿಕೆಗೆ ಅದು. ಬಾಲವಿರುವ 2 ಮೀಟರ್ ಗ್ಲೈಡರಾದರೆ ಹುಡುಕುವ ಕ್ರಮ ಇದೇ, ಅಂಕಿಗಳನ್ನು ಮಾತ್ರ ಅದರ ಕೈಪಿಡಿಯಿಂದ ತೆಗೆದುಕೊಳ್ಳಿ.

## ಜಾಗವೇ ತಪ್ಪಿದ್ದರೆ

ಕೊಡಚಾದ್ರಿ, ಕುದುರೆಮುಖದ ಹುಲ್ಲುಗುಡ್ಡ ಕಂಡರೆ ಗ್ಲೈಡರಿಗೇ ಹೇಳಿಮಾಡಿಸಿದ್ದು ಅನ್ನಿಸುತ್ತದೆ. ಎರಡೂ ರಕ್ಷಿತ ಅರಣ್ಯ; ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಚೀಲ ಬಿಚ್ಚಬೇಡಿ. ಕುಂದಾದ್ರಿಯಲ್ಲಿ ನೆತ್ತಿಯ ತುಂಬ ಬಂಡೆ, ಬಸದಿಗೆ ಬರುವ ಜನ, ಅಂಚು ದಾಟಿದರೆ ನೇರ ಪ್ರಪಾತ. ಹೊಸಬರಿಗೆ ಅದು ಸಲ್ಲ. ಬೇಕಾದ್ದು ಊರ ಹತ್ತಿರದ ಸಾದಾ ಬ್ಯಾಣ, ಅಂದರೆ ಹುಲ್ಲುಗುಡ್ಡ: 30–40 ಮೀಟರ್ ಎತ್ತರ, ದುಂಡನೆಯ ನೆತ್ತಿ, ಗಾಳಿ ಬರುವ ಕಡೆ ತೆರವು, ಹಿಂದೆ ಇಳಿಸಲು ಹುಲ್ಲು, ಕಣ್ಣಳತೆಯಲ್ಲಿ ವಿದ್ಯುತ್ ತಂತಿ ಇಲ್ಲ, ಮಾಲೀಕರ ಒಪ್ಪಿಗೆ ಇದೆ. ದನ ಮೇಯುತ್ತಿದ್ದರೆ ಮೇಯಿಸುವವರಿಗೂ ಒಂದು ಮಾತು ಹೇಳಿ.

2021ರ ಡ್ರೋನ್ ನಿಯಮಗಳ ಪ್ರಕಾರ ಹವ್ಯಾಸದ ಗ್ಲೈಡರನ್ನು ಕಣ್ಣಿಗೆ ಕಾಣುವ ದೂರದಲ್ಲೇ ಹಾರಿಸಬೇಕು. ವಿಮಾನಯಾನ ಇಲಾಖೆಯ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಗುಡ್ಡ ಯಾವ ಬಣ್ಣದ ವಲಯದಲ್ಲಿದೆ ನೋಡಿ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಮೇಲೆ ಶಿವಮೊಗ್ಗದ ಸುತ್ತಮುತ್ತ ಈ ನಕ್ಷೆ ನೋಡದೆ ಹೊರಡುವ ಹಾಗಿಲ್ಲ.

## ಕೈಬಿಟ್ಟ ಕೂಡಲೇ ಕೆಳಗಿಳಿಯುತ್ತದೆ

ನೆತ್ತಿಯ ಅಂಚಿನಲ್ಲಿ ನಿಂತು ಎದೆಮಟ್ಟದಿಂದ ಒಣಹುಲ್ಲು ತೂರಿ. ಹುಲ್ಲು ಮುಖಕ್ಕೆ ಬಂದು ತಲೆಯ ಮೇಲೆ ಹಾದು ಹಿಂದೆ ಹೋದರೆ ಏರುಗಾಳಿ ಇದೆ. ಕಾಲಬುಡಕ್ಕೇ ಉದುರಿದರೆ ಗಾಳಿ ಸಾಲದು. ಪಕ್ಕಕ್ಕೆ ಓಡಿದರೆ ಗಾಳಿ ಓರೆ, ಗುಡ್ಡಕ್ಕೆ ಸರಿಯಾಗಿ ಬಡಿಯುತ್ತಿಲ್ಲ. 20 ಕಿ.ಮೀ. ವೇಗದ ಗಾಳಿ 30 ಡಿಗ್ರಿ ಓರೆಯಾದರೆ ಗುಡ್ಡಕ್ಕೆ ಸಿಗುವುದು 17, 45 ಡಿಗ್ರಿ ಆದರೆ 14. ಲೆಕ್ಕದಲ್ಲಿ 14 ಎಂದರೂ ಅಷ್ಟು ಓರೆ ಗಾಳಿ ಇಳಿಜಾರಿನ ಉಬ್ಬು ತಗ್ಗುಗಳಲ್ಲಿ ಸುಳಿಯಾಗಿಬಿಡುತ್ತದೆ. 20 ಡಿಗ್ರಿಗಿಂತ ಹೆಚ್ಚು ಓರೆ ಇದ್ದರೆ ಹೊಸಬರ ಮಟ್ಟಿಗೆ ಆ ಗುಡ್ಡ ಅಂದು ಮುಗಿಯಿತು. ಬೇರೆ ಮಗ್ಗುಲು ಹುಡುಕಿ.

ಬೇಕಾದ ಗಾಳಿ ಗಂಟೆಗೆ 15ರಿಂದ 25 ಕಿ.ಮೀ. ಅಳೆಯುವ ಯಂತ್ರ ಇಲ್ಲದಿದ್ದರೆ ಗಿಡ ನೋಡಿ: ಎಲೆ ಸದ್ದು ಮಾಡಿ ಮುಖಕ್ಕೆ ತಂಪು ತಾಗುವಷ್ಟಾದರೆ 6ರಿಂದ 11, ಎಲೆ, ಎಳೆಯ ಕಡ್ಡಿ ಬಿಡುವಿಲ್ಲದೆ ಆಡುತ್ತಿದ್ದರೆ 12ರಿಂದ 19, ಧೂಳೆದ್ದು ಸಣ್ಣ ಕೊಂಬೆ ಅಲುಗಿದರೆ 20ರಿಂದ 28, ಸಣ್ಣ ಮರವೇ ತೂಗಿದರೆ 29ರ ಮೇಲೆ. ಆದರೆ ಅಡಕೆ ಮರದ ತಲೆ ನೋಡಿ ಅಳೆಯಬೇಡಿ. ತೋಟ ಇರುವುದು ಕಣಿವೆಯಲ್ಲಿ, ಮೂರು ಕಡೆ ಗುಡ್ಡದ ಮರೆ. ಅಲ್ಲಿ ಹೆಡಲು ಅಲುಗದೆ ನಿಂತಿರುವಾಗ ನೆತ್ತಿಯಲ್ಲಿ ಟೊಪ್ಪಿ ಹಾರಿಹೋಗುವುದುಂಟು. ನೆತ್ತಿಯ ಗಿಡವನ್ನೇ ನೋಡಿ. ಹದ್ದೋ ಗರುಡನೋ ರೆಕ್ಕೆ ಬಡಿಯದೆ ಅಂಚಿನುದ್ದಕ್ಕೂ ಹೋಗಿ ಬರುತ್ತಿದ್ದರೆ ಅದಕ್ಕಿಂತ ನಂಬಿಕೆಯ ಯಂತ್ರ ಬೇರೆ ಇಲ್ಲ. ಅದು ರೆಕ್ಕೆ ಬಡಿಯುತ್ತಿದ್ದರೆ ಬುತ್ತಿ ಬಿಚ್ಚಿ, ಕಾಯಿರಿ.

ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಮೇಲೆ ಕಡಲ ಕಡೆಯ ಗಾಳಿ ಘಟ್ಟ ಹತ್ತಿ ಬರುತ್ತದೆ, ಪಡುವಣ ಮುಖದ ಗುಡ್ಡಕ್ಕೆ ಹೋಗಿ. ಚಳಿಗಾಲದ ಬೆಳಗ್ಗೆ ಮೂಡಣ ಗಾಳಿ ಸಾಮಾನ್ಯ, ಆಗ ಮೂಡಣ ಮುಖ. ನಿನ್ನೆ ಹಾರಿದ ಜಾಗದಲ್ಲೇ ಇವತ್ತು ಬೆಳಗ್ಗೆ ಎಸೆದು, ಗ್ಲೈಡರ್ ಕೆಟ್ಟಿದೆ ಅನ್ನುವವರು ಬಹಳ ಮಂದಿ.

ಗಾಳಿ ಸರಿ ಇದ್ದೂ ಇಳಿದರೆ ನಿಂತ ಜಾಗ ನೋಡಿ. ಅಂಚಿನಿಂದ ಹತ್ತು ಹೆಜ್ಜೆ ಹಿಂದಿದ್ದರೆ ಗ್ಲೈಡರ್ ಏರುಗಾಳಿ ಮುಟ್ಟುವ ಮೊದಲೇ ನೆಲ ಮುಟ್ಟುತ್ತದೆ. ಇಳಿಜಾರು ಶುರುವಾಗುವಲ್ಲಿಂದ ಎರಡು ಹೆಜ್ಜೆ ಕೆಳಗಿಳಿದು ಎಸೆಯಿರಿ.

ಆಮೇಲೆ ಎಸೆತ. ಮೂಗು ಎತ್ತಿ ಎಸೆದರೆ ಮೂರು ಮೀಟರ್ ಏರಿ, ವೇಗ ಕಳೆದುಕೊಂಡು, ಒಂದು ರೆಕ್ಕೆ ತಗ್ಗಿಸಿ ಬೀಳುತ್ತದೆ. ಮೂಗು ದಿಗಂತಕ್ಕೆ ಸಮ ಇರಲಿ, ಇಲ್ಲವೇ ತುಸು ಕೆಳಗೆ. ರೆಕ್ಕೆ ಮಟ್ಟ, ಗಾಳಿಗೆ ನೇರ, ಈಟಿ ಎಸೆದ ಹಾಗೆ ಮುಂದಕ್ಕೆ ಒಂದೇ ದೂಡು. ಈ ಗಾತ್ರದ ಗ್ಲೈಡರ್ ಬೀಳದೆ ಹಾರಲು ಗಾಳಿಗೆ ಹೋಲಿಸಿ 27–28 ಕಿ.ಮೀ. ವೇಗ ಬೇಕು. ಎದುರುಗಾಳಿ 18 ಇದ್ದರೆ ಉಳಿದ 10 ತುಂಬುವುದು ನಿಮ್ಮ ತೋಳು. ಮೊದಲ ದಿನಗಳಲ್ಲಿ ಎಸೆಯುವುದು ಕಲಿಸುವವರ ಕೆಲಸ. ಅಂಚಿನಿಂದ ದೂರ ಹೋಗಿ ಎತ್ತರ ಸಿಕ್ಕ ಮೇಲೇ ಕಲಿಯುವವರಿಗೆ ಸ್ಟಿಕ್, ಅಂದರೆ ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರಿನ ಸನ್ನೆ, ಕೊಡಿ.

ಇಷ್ಟೂ ಸರಿ ಇದ್ದು ಮೂಗು ಕೆಳಗೇ ಹೋದರೆ ಈಗ ಗ್ಲೈಡರ್. ಎಲೆವಾನ್ ಅಂದರೆ ರೆಕ್ಕೆಯ ಹಿಂದೆ ಮೇಲೆ ಕೆಳಗೆ ಆಡುವ ಪಟ್ಟಿ; ತಿರುವು, ಏರಿಳಿತ ಎರಡೂ ಅದರಿಂದಲೇ. ಬಾಲವಿಲ್ಲದ ಗ್ಲೈಡರಿನಲ್ಲಿ ಸ್ಟಿಕ್ ನಡುವೆ ಇದ್ದಾಗ ಎರಡೂ ಎಲೆವಾನ್‌ಗಳ ಹಿಂದಂಚು 2–3 ಮಿ.ಮೀ. ಮೇಲೆ ನಿಂತಿರಬೇಕು. ರೆಕ್ಕೆಗೆ ಸಮ ಇದ್ದರೆ ಅದು ಮೂಗು ತಗ್ಗಿಸಿಯೇ ಹೋಗುವುದು. ಟ್ರಿಮ್‌ನಲ್ಲಿ ಸರಿಪಡಿಸುವ ಬದಲು ಎಲೆವಾನನ್ನೂ ಅದನ್ನು ಆಡಿಸುವ ಪುಟ್ಟ ಯಂತ್ರವಾದ ಸರ್ವೊವನ್ನೂ ಜೋಡಿಸುವ ಕಡ್ಡಿಯ ಉದ್ದದಲ್ಲಿ ಸರಿಪಡಿಸಿ. ಸ್ಟಿಕ್ಕಿನ ನಡುಬಿಂದು ಸರಿಸುವ ಟ್ರಿಮ್ ಗುಂಡಿಗೆ ಕಲಿಯುವವರ ಹೆಬ್ಬೆರಳು ತಾಗದ ದಿನವಿಲ್ಲ.

## ತೊಟ್ಟಿಲ ಹಾಗೆ ಮೇಲೆ ಕೆಳಗೆ ತೂಗುತ್ತದೆ

ಮೂಗೆತ್ತುತ್ತದೆ, ನಿಲ್ಲುತ್ತದೆ, ಬೀಳುತ್ತದೆ, ಮತ್ತೆ ಎತ್ತುತ್ತದೆ. ಇದಕ್ಕೆ ಕಾರಣ ಎರಡು, ನೋಡಲು ಎರಡೂ ಒಂದೇ ಥರ. ಬೇರ್ಪಡಿಸುವ ಬಗೆ ಸುಲಭ: 40–50 ಮೀಟರ್ ಎತ್ತರದಲ್ಲಿ ಕಲಿಯುವವರಿಗೆ ಸ್ಟಿಕ್‌ನಿಂದ ಬೆರಳು ತೆಗೆಯಲು ಹೇಳಿ, ಮೂರು ಎಣಿಸಿ. ತೂಗಾಟ ತಾನಾಗಿ ತಗ್ಗಿದರೆ ಗ್ಲೈಡರ್ ಸರಿ ಇದೆ, ಕೈ ಅದರ ಹಿಂದೆ ಓಡುತ್ತಿದೆ. ಮೂಗೆತ್ತಿದ ಮೇಲೆ ತಳ್ಳುತ್ತಾರೆ, ಅಷ್ಟರಲ್ಲಿ ಅದೇ ಇಳಿಯತೊಡಗಿರುತ್ತದೆ, ಎರಡೂ ಸೇರಿ ಇನ್ನೂ ಕೆಳಗೆ. ಇಲ್ಲಿ ಮದ್ದು ಟ್ರಾನ್ಸ್‌ಮಿಟರಿನಲ್ಲಿದೆ: ಎಲಿವೇಟರ್ ಚಲನೆ, ಅಂದರೆ ಮೂಗೆತ್ತಿಳಿಸುವಾಗಿನ ಎಲೆವಾನ್ ಆಟ, ಮೇಲೆ ಕೆಳಗೆ 6–8 ಮಿ.ಮೀ. ಮೀರದಂತೆ ಇಳಿಸಿ, ಎಕ್ಸ್‌ಪೊ 30–40 ಪ್ರತಿಶತ ಕೊಡಿ, ಆಗ ಸ್ಟಿಕ್ ನಡುವಿನ ಆಸುಪಾಸಿನಲ್ಲಿರುವಾಗ ಗ್ಲೈಡರ್ ಮೆತ್ತಗೆ ಸ್ಪಂದಿಸುತ್ತದೆ. ಮಾತಿನಲ್ಲಿ ತಿದ್ದುವುದಕ್ಕಿಂತ ಇದು ಬೇಗ ಫಲ ಕೊಡುತ್ತದೆ.

ಬೆರಳು ತೆಗೆದರೂ ತೂಗಾಟ ಹೆಚ್ಚುತ್ತಲೇ ಹೋದರೆ ತೂಕದ ಬಿಂದು, ಅಂದರೆ ಸಿ.ಜಿ., ಹಿಂದಿದೆ. ಗ್ಲೈಡರ್ ಇಳಿಸಿ. ಕೈಪಿಡಿ ಹೇಳಿದ ಬಿಂದುವಿಗೆ ರೆಕ್ಕೆಯ ಅಡಿ ಎರಡೂ ಕಡೆ ಪೆನ್ನಿನಲ್ಲಿ ಗುರುತು ಹಾಕಿ, ಬ್ಯಾಟರಿ ಒಳಗಿಟ್ಟೇ ಎರಡು ಬೆರಳ ತುದಿಯಲ್ಲಿ ಎತ್ತಿ. ಸಮವಾಗಿ ಅಥವಾ ಮೂಗು ತುಸು ತಗ್ಗಿ ನಿಲ್ಲಬೇಕು. ಬಾಲವಿಲ್ಲದ ಗ್ಲೈಡರಿಗೆ 3 ಮಿ.ಮೀ. ಆಚೀಚೆ ಆದರೂ ಗೊತ್ತಾಗುತ್ತದೆ, ‘ಹೆಚ್ಚೂಕಡಿಮೆ ಸರಿ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಎಷ್ಟು ತೂಕ ಸೇರಿಸಬೇಕು? 700 ಗ್ರಾಂ ಗ್ಲೈಡರಿನ ಬಿಂದುವನ್ನು 5 ಮಿ.ಮೀ. ಮುಂದೆ ತರಬೇಕು, ಮೂಗಿನ ತುದಿ ಬಿಂದುವಿನಿಂದ 200 ಮಿ.ಮೀ. ಮುಂದಿದೆ ಎಂದಿಟ್ಟುಕೊಳ್ಳಿ. 700ನ್ನು 5ರಿಂದ ಗುಣಿಸಿ 195ರಿಂದ ಭಾಗಿಸಿದರೆ 18 ಗ್ರಾಂ. ಗುಡ್ಡದ ಮೇಲೆ ಸೀಸ ಎಲ್ಲಿಂದ ಬರಬೇಕು? ಹಿತ್ತಾಳೆ ಬಣ್ಣದ 5 ರೂಪಾಯಿ ನಾಣ್ಯ ಒಂದು ಸುಮಾರು 6 ಗ್ರಾಂ; ಮೂರು ನಾಣ್ಯ, ಮೇಲೆ ಎರಡು ಸುತ್ತು ಟೇಪು. ಅದಕ್ಕೂ ಮೊದಲು ಬ್ಯಾಟರಿಯನ್ನೇ ಮುಂದೆ ಸರಿಸಲು ಆಗುತ್ತದೆಯೇ ನೋಡಿ, ಸತ್ತ ತೂಕ ಹೊರುವುದಕ್ಕಿಂತ ಅದು ಮೇಲು.

ಪಕ್ಕಾ ಮಾಡಲು ಡೈವ್ ಪರೀಕ್ಷೆ ಇದೆ, ಇದನ್ನು ಕಲಿಸುವವರೇ ಮಾಡಬೇಕು. ಎತ್ತರದಲ್ಲಿ ನೇರ ಹಾರುವಂತೆ ಟ್ರಿಮ್ ಮಾಡಿ, ಮೂಗನ್ನು 30–45 ಡಿಗ್ರಿ ತಗ್ಗಿಸಿ, ಸ್ಟಿಕ್ ಬಿಟ್ಟು ಎರಡು ಸೆಕೆಂಡು ನೋಡಿ. ಥಟ್ಟನೆ ಮೂಗೆತ್ತಿದರೆ ಮೂಗು ಭಾರ. ನಿಧಾನಕ್ಕೆ ಎತ್ತಿದರೆ ಹೊಸಬರಿಗೆ ಹೇಳಿಮಾಡಿಸಿದ ಹದ. ಡೈವ್ ಇನ್ನೂ ಕಡಿದಾಗುತ್ತ ಹೋದರೆ ಹಿಂಭಾಗ ಭಾರ: ತಕ್ಷಣ ಎಳೆದು ಮೇಲೆತ್ತಿ, ಇಳಿಸಿ, ತೂಕ ಸರಿಪಡಿಸುವ ತನಕ ಯಾರ ಕೈಗೂ ಕೊಡಬೇಡಿ. ಮೂಗು ಭಾರದ ಗ್ಲೈಡರ್ ಚೆನ್ನಾಗಿ ಹಾರದು, ಅಷ್ಟೆ. ಹಿಂಭಾಗ ಭಾರದ್ದು ಒಂದೇ ಸಲ ಹಾರುತ್ತದೆ.

## ಒಂದೇ ಪಕ್ಕಕ್ಕೆ ಎಳೆಯುತ್ತದೆ

ಗ್ಲೈಡರಿನ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ರೆಕ್ಕೆಯ ಹಿಂದಂಚು ನೋಡಿ. ಎರಡು ಎಲೆವಾನ್ ಒಂದೇ ಎತ್ತರದಲ್ಲಿವೆಯೇ? ಇಲ್ಲದಿದ್ದರೆ ಕಡ್ಡಿ ತಿರುಗಿಸಿ ಸರಿಮಾಡಿ. ಸಮ ಇದ್ದರೆ ಮೂಗು ಮತ್ತು ಹಿಂಭಾಗದ ನಡುಗೆರೆಯಲ್ಲಿ ದಾರ ಕಟ್ಟಿ ತೂಗುಬಿಡಿ. ಒಂದು ರೆಕ್ಕೆ ತಗ್ಗಿದರೆ ಮತ್ತೊಂದರ ತುದಿಗೆ ಮೊಳೆಯೋ ನಾಣ್ಯವೋ ಅಂಟಿಸಿ. ಉಳಿದದ್ದು ರೆಕ್ಕೆಯ ತಿರುಚು: ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಹಿಂಗಾಜಿನ ಕೆಳಗೆ ಬಿಟ್ಟ ಫೋಮ್ ರೆಕ್ಕೆ ತಿರುಚಿಕೊಳ್ಳುತ್ತದೆ. ಹೇರ್ ಡ್ರೈಯರಿನಲ್ಲಿ ಹದವಾಗಿ ಬಿಸಿಮಾಡಿ, ಉಲ್ಟಾ ತಿರುಚಿ, ತಣಿಯುವ ತನಕ ಹಿಡಿದಿಡಿ. ಮೂರು ಸಲ ಮಾಡಿದರೂ ನಿಲ್ಲದಿದ್ದರೆ ಒಳಗಿನ ಕಾರ್ಬನ್ ಕೋಲು ಮುರಿದಿದೆ. ರೆಕ್ಕೆಯ ಎರಡು ತುದಿ ಹಿಡಿದು ಮೆಲ್ಲಗೆ ಬಗ್ಗಿಸಿದರೆ ಟಿಕ್ ಎಂಬ ಸದ್ದು ಕೇಳುತ್ತದೆ. ಕೋಲು ಬದಲಿಸದೆ ಹಾರಿಸಬೇಡಿ.

ಅಂಟಿನ ಬಗ್ಗೆ ಒಂದು ಮಾತು. ಇಪಿಪಿಗೆ ಕಾಂಟ್ಯಾಕ್ಟ್ ಅಂಟು, ಹಾಟ್ ಗ್ಲೂ ಎರಡೂ ಆಗುತ್ತವೆ. ಥರ್ಮೊಕೋಲಿನಂಥ ಬಿಳಿ ಫೋಮಾದರೆ ಸಾದಾ ಫೆವಿಕ್ವಿಕ್ ಅದನ್ನು ಕರಗಿಸಿ ಗುಳಿ ಮಾಡುತ್ತದೆ.

## ಬಲಕ್ಕೆ ಕೊಟ್ಟರೆ ಎಡಕ್ಕೆ ಹೋಗುತ್ತದೆ

ಕಾರಣ ಎರಡೇ, ಮೊದಲನೆಯದನ್ನು ನೆಲದ ಮೇಲೆ ಹತ್ತು ಸೆಕೆಂಡಿನಲ್ಲಿ ಹಿಡಿಯಬಹುದು. ಗ್ಲೈಡರಿನ ಹಿಂದೆ ನಿಂತು ಸ್ಟಿಕ್ ಬಲಕ್ಕೆ: ಬಲ ಎಲೆವಾನ್ ಮೇಲೇಳಬೇಕು, ಎಡದ್ದು ಇಳಿಯಬೇಕು. ಸ್ಟಿಕ್ ನಿಮ್ಮ ಕಡೆ ಎಳೆದರೆ ಎರಡೂ ಮೇಲೆ. ಸರ್ವೊ ಬದಲಿಸಿದ ದಿನ, ಟ್ರಾನ್ಸ್‌ಮಿಟರಿನಲ್ಲಿ ಬೇರೆ ಮಾಡೆಲ್ ಆರಿಸಿದ ದಿನ ಇದು ಉಲ್ಟಾ ಆಗಿರುತ್ತದೆ. ಪ್ರತಿ ಎಸೆತಕ್ಕೂ ಮುಂಚೆ ಈ ಪರೀಕ್ಷೆ ಮಾಡಬೇಕು, ಅದೂ ಕಲಿಯುವವರು ಬಾಯಿಬಿಟ್ಟು ಹೇಳಿಕೊಂಡು: “ಬಲ, ಬಲದ್ದು ಮೇಲೆ.” ಸುಮ್ಮನೆ ಸ್ಟಿಕ್ ಅಲ್ಲಾಡಿಸಿ ‘ಆಡ್ತಾ ಇದೆ’ ಅಂದರೆ ಪರೀಕ್ಷೆಯಾಗಲಿಲ್ಲ. ಉಲ್ಟಾ ಇದ್ದರೂ ಅದು ಆಡುತ್ತದೆ.

ಎಲೆವಾನ್ ಸರಿ ಇದ್ದರೆ ಉಳಿದದ್ದು ಕಣ್ಣು. ಗ್ಲೈಡರ್ ನಮ್ಮ ಕಡೆ ಮುಖ ಮಾಡಿದಾಗ ಅದರ ಎಡ ನಮ್ಮ ಬಲ. ಇದು ದಡ್ಡತನವಲ್ಲ, ಎಲ್ಲರಿಗೂ ಆಗುವುದೇ. ಉಪಾಯ ಮೂರಿವೆ. ಗ್ಲೈಡರ್ ಹೋಗುವ ದಿಕ್ಕಿಗೇ ಮೈ ತಿರುಗಿಸಿ ನಿಂತು ಕತ್ತು ಹೊರಳಿಸಿ ನೋಡುವುದು ಒಂದು. ಎದುರು ಬರುವಾಗ ಯಾವ ರೆಕ್ಕೆ ತಗ್ಗಿ ಕಾಣುತ್ತದೋ ಆ ಕಡೆಗೇ ಸ್ಟಿಕ್ ದೂಡುವುದು ಇನ್ನೊಂದು, ತಗ್ಗಿದ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಮೂರನೆಯದು ಎಲ್ಲಕ್ಕಿಂತ ಗಟ್ಟಿ: ಗ್ಲೈಡರ್ ಎದುರು ಬರುವ ಸಂದರ್ಭವನ್ನೇ ಕಡಿಮೆ ಮಾಡುವುದು. ಗುಡ್ಡದ ಅಂಚಿನುದ್ದಕ್ಕೂ ಎಡಕ್ಕೆ ಬಲಕ್ಕೆ ಹೋಗುತ್ತ, ಪ್ರತಿ ತಿರುವನ್ನೂ ಗುಡ್ಡದಿಂದ ಆಚೆಗೆ, ಗಾಳಿಯ ಕಡೆಗೇ ತಿರುಗಿಸಿದರೆ ಮಲಗಿದ ಎಂಟರ ಆಕಾರವಾಗುತ್ತದೆ, ಗ್ಲೈಡರ್ ಬಹುಪಾಲು ಪಕ್ಕದಿಂದಲೇ ಕಾಣುತ್ತದೆ.

ಬಣ್ಣವನ್ನೂ ನೋಡಿ. ಹಿಂದೆ ಕಾನಿನ ಹಸಿರು, ಮೇಲೆ ಬೂದು ಮೋಡ. ಇಲ್ಲಿ ಹಸಿರು, ನೀಲಿ, ಬಿಳಿ ಗ್ಲೈಡರ್ 100 ಮೀಟರಿಗೇ ಕರಗಿಹೋಗುತ್ತದೆ. ಮೇಲ್ಭಾಗ ಹಳದಿ ಅಥವಾ ಕಿತ್ತಳೆ, ಅಡಿ ಕಪ್ಪು ಪಟ್ಟಿ ಇರಲಿ. ಮಳೆಯಲ್ಲಿ ಗುಡ್ಡಕ್ಕೆ ಬರಲಾಗದ ನಾಲ್ಕು ತಿಂಗಳು ಪಿಕಾಸಿಮ್‌ನಂಥ ಗ್ಲೈಡರ್ ಸಿಮ್ಯುಲೇಟರಿನಲ್ಲಿ ಈ ಎಂಟನ್ನೇ ಸುತ್ತಲಿ.

ತಿರುವಿನಲ್ಲೇ ಸುರುಳಿ ಸುತ್ತಿ ಬೀಳುವುದು ಬೇರೆ ರೋಗ. ಅದು ಸ್ಟಿಕ್ ಹಿಡಿದೇ ಇರುವುದರಿಂದ ಬರುತ್ತದೆ. ಕಾರಿನ ಸ್ಟೀರಿಂಗಿನ ರೂಢಿ. ಗ್ಲೈಡರಿಗೆ ನಾಲ್ಕು ಪದ ಕಲಿಸಿ: ಓರೆ ಮಾಡು, ಬಿಡು, ತುಸು ಎಳೆ, ನೇರ ಮಾಡು.

## ಗುಡ್ಡದ ಹಿಂದಕ್ಕೆ ಹೋಗಿಬಿಡುತ್ತದೆ

ದುಬಾರಿ ಬೀಳುವಿಕೆಗಳಲ್ಲಿ ಇದೇ ಮೊದಲು. ನೆತ್ತಿಯ ಹಿಂದೆ ಗಾಳಿ ಕೆಳಗಿಳಿದು ಸುಳಿಯುತ್ತದೆ, ಅಲ್ಲಿಗೆ ಹೋದ ಗ್ಲೈಡರಿಗೆ ಏರುಗಾಳಿಯೂ ಇಲ್ಲ, ಸ್ಟಿಕ್ಕಿಗೆ ಬೆಲೆಯೂ ಇಲ್ಲ.

ತಿರುವಿನಲ್ಲಿ ಹಿಂದೆ ಹೋಯಿತೋ, ನೇರ ನಿಂತಲ್ಲೇ ಹಿಂದೆ ಜಾರಿತೋ ಕೇಳಿ. ತಿರುವಿನಲ್ಲಾದರೆ ಗುಡ್ಡದ ಕಡೆಗೆ ತಿರುಗಿಸಿದ್ದಾರೆ, ಮಲಗಿದ ಎಂಟಕ್ಕೆ ವಾಪಸ್ ಹೋಗಿ. ಗಾಳಿಯ ಜೊತೆ ಹೋಗುವಾಗ ಗ್ಲೈಡರ್ ಬಾಣದ ಹಾಗೆ ಕಾಣುತ್ತದೆ, ವೇಗ ಜಾಸ್ತಿಯಾಯಿತೆಂದು ಹೊಸಬರು ಎಳೆಯುತ್ತಾರೆ, ಅದು ಅಲ್ಲೇ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆಗೆ ಎತ್ತುವ ಶಕ್ತಿ ಹೋಗಿ ಬೀಳುತ್ತದೆ. ನೆಲದ ಮೇಲಿನ ವೇಗ ಬೇರೆ, ರೆಕ್ಕೆಯ ಮೇಲಿನ ಗಾಳಿ ಬೇರೆ: ಇದನ್ನು ಗುಡ್ಡ ಹತ್ತುವ ಮೊದಲೇ ಕಾಗದದ ಮೇಲೆ ಬರೆದು ತೋರಿಸಿ.

ನೇರ ನಿಂತಲ್ಲೇ ಹಿಂದೆ ಜಾರಿದರೆ ಗಾಳಿ ಹೆಚ್ಚಾಗಿದೆ. ಮೂಗು ತಗ್ಗಿಸಿ ವೇಗ ಕೊಟ್ಟರೆ ಮುಂದೆ ಹೋಗಬೇಕು. ಹೋದರೆ ಟ್ರಿಮ್ ಎರಡು ಮೆಟ್ಟಿಲು ಕೆಳಗೆ ಕೊಡಿ, ತೂಕದ ಬಿಂದುವಿನ ಮೇಲೇ 100 ಗ್ರಾಂ ಭಾರ ಸೇರಿಸಿ. ಹೋಗದಿದ್ದರೆ ಆ ದಿನ ಬಿಡಿ. ಗಾಳಿ 35 ಕಿ.ಮೀ. ದಾಟಿದಾಗ, ಬೀಸಿಗೂ ಬಿಡುವಿಗೂ ನಡುವೆ 10 ಕಿ.ಮೀ.ಗಿಂತ ಹೆಚ್ಚು ಅಂತರ ಇದ್ದಾಗ ಹೊಸಬರ ಪಾಠ ನಿಲ್ಲಿಸಬೇಕು.

ಏಪ್ರಿಲ್–ಮೇ ಮಧ್ಯಾಹ್ನ ಎಲ್ಲವೂ ಚೆನ್ನಾಗಿ ಹಾರುತ್ತಿದ್ದು ಇದ್ದಕ್ಕಿದ್ದಂತೆ ಗಾಳಿ ಸತ್ತರೆ ಅಥವಾ ತಣ್ಣಗೆ ತಿರುಗಿದರೆ ಆಕಾಶ ನೋಡಿ, ಗುಡುಗು ಮಳೆ ಹತ್ತಿರವಿದೆ. ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು 10 ಕಿ.ಮೀ. ಒಳಗಿದೆ. ಬೋಳು ಗುಡ್ಡದ ನೆತ್ತಿಯಲ್ಲಿ ಎತ್ತರದ ವಸ್ತು ನೀವೇ. ಗ್ಲೈಡರ್ ಎಲ್ಲಿದೆಯೋ ಅಲ್ಲೇ ಇಳಿಸಿ, ಕೆಳಗಿಳಿಯಿರಿ.

## ಕಲಿಸುವವರ ಕೈಯಲ್ಲಿ ಸರಿ, ಸ್ವಿಚ್ ಒತ್ತಿ ಕಲಿಯುವವರಿಗೆ ಕೊಟ್ಟ ಕೂಡಲೇ ಜಿಗಿಯುತ್ತದೆ

ಎರಡು ಟ್ರಾನ್ಸ್‌ಮಿಟರ್ ಜೋಡಿಸಿ ಕಲಿಸುವವರಿಗೆ ಮಾತ್ರ ಈ ತಲೆನೋವು. ನೆಲದ ಮೇಲೆ ಸ್ವಿಚ್ ಅದುಮುತ್ತ ಬಿಡುತ್ತ ಎಲೆವಾನ್ ನೋಡಿ. ಕದಲಬಾರದು. ಕದಲಿದರೆ ಕಲಿಯುವವರ ಟ್ರಾನ್ಸ್‌ಮಿಟರಿನ ಟ್ರಿಮ್ ನಡುವೆ ಇಲ್ಲ. ನಡುವೆ ತಂದರೂ ಕದಲಿದರೆ ಕಲಿಸುವವರ ಟ್ರಾನ್ಸ್‌ಮಿಟರಿನ ಟ್ರೈನರ್ ಪುಟದಲ್ಲಿ ಕ್ಯಾಲಿಬ್ರೇಟ್ ಮಾಡಿ.

ಸ್ಟಿಕ್ ಕೊಟ್ಟಾಗ ಎಲೆವಾನ್ ದುಪ್ಪಟ್ಟು ಆಡಿದರೆ, ಇಲ್ಲವೇ ಒಂದೇ ಪಕ್ಕದ್ದು ಆಡಿದರೆ, ಎಲೆವಾನ್ ಮಿಶ್ರಣ (ಏರಿಳಿತ, ತಿರುವು ಎರಡರ ಆಜ್ಞೆಯನ್ನೂ ಕೂಡಿಸಿ ಎಲೆವಾನಿಗೆ ಕೊಡುವ ವ್ಯವಸ್ಥೆ) ಎರಡೂ ಕಡೆ ಚಾಲೂ ಇದೆ. ಮಿಶ್ರಣ ಕಲಿಸುವವರ ಕಡೆ ಮಾತ್ರ ಇರಬೇಕು. ಕಲಿಯುವವರ ಕಡೆ ಏನೂ ಸೇರಿಸದ ಖಾಲಿ ಮಾಡೆಲ್ ಸಾಕು. ಎಡ್ಜ್‌ಟಿಎಕ್ಸ್ ತಂತ್ರಾಂಶ ಇರುವ ಟ್ರಾನ್ಸ್‌ಮಿಟರಾದರೆ ಕಲಿಯುವವರ ಸ್ಟಿಕ್ ‘ಕೂಡಿಸು’ ಬಗೆಯಲ್ಲಿದೆಯೇ ‘ಬದಲಿಸು’ ಬಗೆಯಲ್ಲಿದೆಯೇ ನೋಡಿ. ಬದಲಿಸು ಇರಲಿ. ಸ್ವಿಚ್ ಒತ್ತಿಹಿಡಿದರೆ ಮಾತ್ರ ಕೊಡುವ, ಬಿಟ್ಟರೆ ವಾಪಸ್ ಬರುವ ಸ್ಪ್ರಿಂಗ್ ಬಗೆಯದೇ ಬೇಕು. ಗಾಬರಿಯಲ್ಲಿ ಬೆರಳು ಬಿಡುವುದು ಸುಲಭ, ಸ್ವಿಚ್ ಹುಡುಕುವುದು ಕಷ್ಟ.

## ನಡುಗುತ್ತದೆ, ಮಾತು ಕೇಳುವುದಿಲ್ಲ

ಮೊದಲು ಬ್ಯಾಟರಿ. ನಾಲ್ಕು ಸೆಲ್ಲಿನ ನಿಕ್ಕಲ್ ಪ್ಯಾಕ್ ಆದರೆ ಎರಡೂ ಸರ್ವೊ ಬಿಡದೆ ಆಡಿಸುತ್ತ ವೋಲ್ಟ್ ಅಳೆಯಿರಿ. 4.8ರ ಮೇಲೆ ನಿಂತರೆ ಹಾರಿಸಿ, 4.7ರ ಕೆಳಗೆ ಬಂದರೆ ಬೇಡ. ಸುಮ್ಮನಿರುವಾಗಿನ ವೋಲ್ಟ್ ಏನನ್ನೂ ಹೇಳುವುದಿಲ್ಲ. ಒಂದು ಗಂಟೆ ಹಾರಿಸಿ ಬಂದು ಚಾರ್ಜ್ ಮಾಡುವಾಗ ಎಷ್ಟು ಎಂಎಎಚ್ ಹಿಡಿಯಿತು ಅಂತ ಪ್ಯಾಕ್ ಮೇಲೇ ಬರೆದಿಡಿ. ಸಾಮರ್ಥ್ಯದ ಅರ್ಧ ಮುಗಿಯುವ ಹೊತ್ತಿಗೆ ಇಳಿಸಿ. ಲಿಪೊ (ಲಿಥಿಯಂ ಪಾಲಿಮರ್) ಆದರೆ ಸೆಲ್ಲಿಗೆ 3.5 ವೋಲ್ಟಿಗೇ ನಿಲ್ಲಿಸುವುದು ಕ್ಷೇಮ. ಬಿದ್ದು ಉಬ್ಬಿದ ಲಿಪೊವನ್ನು ಫೆಬ್ರವರಿಯ ಒಣಹುಲ್ಲಿನ ಮೇಲೆ ಇಡಬೇಡಿ. ಬೋಳು ಬಂಡೆಯ ಮೇಲಿಡಿ, ಮತ್ತೆ ಚಾರ್ಜ್ ಮಾಡಬೇಡಿ.

ಆಮೇಲೆ ಕನೆಕ್ಟರ್. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಸ್ವಿಚ್ಚಿನ ಹಿತ್ತಾಳೆ ಸುಮ್ಮನಿರುತ್ತದೆಯೇ? ಬ್ಯಾಟರಿಯ ಕಪ್ಪು ತಂತಿಯ ತುದಿ ಸುಲಿದು ನೋಡಿ, ತಾಮ್ರ ಕೆಂಪಾಗಿದ್ದರೆ ಸರಿ. ಕಪ್ಪಾಗಿದ್ದರೆ ಬೆಸುಗೆಯೂ ಹಿಡಿಯುವುದಿಲ್ಲ, ಇಡೀ ತಂತಿಯನ್ನೇ ಬದಲಿಸಬೇಕು. ಜೂನ್ ಬರುವ ಮೊದಲು ರೇಡಿಯೊ ಸಾಮಾನನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬದಲ್ಲಿಡಿ.

ಒಂದೇ ಎಲೆವಾನ್ ನಡುಗಿದರೆ ಎರಡು ಸರ್ವೊಗಳ ಪ್ಲಗ್ ಅದಲುಬದಲು ಮಾಡಿ. ನಡುಕ ಸರ್ವೊ ಜೊತೆ ಹೋದರೆ ಸರ್ವೊ ಕೆಟ್ಟಿದೆ. ಚಾನೆಲ್ಲಿನಲ್ಲೇ ಉಳಿದರೆ ರಿಸೀವರ್.

ಎರಡೂ ನಡುಗಿದರೆ ಅಥವಾ ದೂರ ಹೋದಾಗ ಮಾತ್ರ ಕೇಳದಿದ್ದರೆ ಆಂಟೆನಾ. 2.4 ಗಿಗಾಹರ್ಟ್ಸ್ ರಿಸೀವರಿನ ತಂತಿಯ ತುದಿಯಲ್ಲಿ ಕವಚ ಸುಲಿದ 31 ಮಿ.ಮೀ. ಭಾಗವೇ ನಿಜವಾದ ಆಂಟೆನಾ. ಅದು ಕಾರ್ಬನ್ ಕೋಲಿಗೆ ಅಂಟಿಕೊಂಡಿರಬಾರದು, ಮಡಚಿರಬಾರದು. ಎರಡಿದ್ದರೆ ಒಂದಕ್ಕೊಂದು ಲಂಬವಾಗಿರಲಿ. ಟ್ರಾನ್ಸ್‌ಮಿಟರಿನ ಆಂಟೆನಾದ ತುದಿಯನ್ನು ಗ್ಲೈಡರಿಗೆ ಗುರಿ ಇಟ್ಟು ಹಿಡಿಯಬೇಡಿ, ತುದಿಯ ದಿಕ್ಕಿನಲ್ಲೇ ಸಂಕೇತ ಅತಿ ದುರ್ಬಲ. ರೇಂಜ್ ಪರೀಕ್ಷೆಯ ಮೋಡಿನಲ್ಲಿ 30 ಹೆಜ್ಜೆ ದೂರದಿಂದ ಎಲ್ಲ ಆಡಬೇಕು. ಗ್ಲೈಡರ್ ಅಂಚಿನ ಕೆಳಗಿಳಿದು ಮಣ್ಣಿನ ಮರೆಗೆ ಹೋದರೂ ಸಂಕೇತ ತಪ್ಪುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ಕಣ್ಣಿಗೆ ಕಾಣುವಂತೆ ನಿಲ್ಲಿ.

ಕೊನೆಗೆ ಫೇಲ್‌ಸೇಫ್. ಗ್ಲೈಡರ್ ಕೈಯಲ್ಲಿ ಹಿಡಿದು ಟ್ರಾನ್ಸ್‌ಮಿಟರ್ ಆಫ್ ಮಾಡಿ. ಎಲೆವಾನ್‌ಗಳು ತುಸು ಮೇಲೆ, ತುಸು ಒಂದು ಪಕ್ಕಕ್ಕೆ ಬರುವಂತಿರಬೇಕು, ಸಂಕೇತ ಹೋದರೆ ಹತ್ತಿರದಲ್ಲೇ ಸುತ್ತುತ್ತ ಇಳಿಯುತ್ತದೆ. ಇದ್ದ ಹಾಗೇ ಇರಲಿ ಎಂದು ಬಿಟ್ಟಿದ್ದರೆ ಕಣಿವೆಯ ಆಚೆ ದಡದ ತನಕ ನೇರ ಹೋದೀತು. ಕಾರಣ ಸಿಗದ ಒಂದೇ ಒಂದು ನಡುಕ ಇದ್ದರೂ ಅಂದು ಹಾರಿಸಬೇಡಿ, ತಿಳಿದವರಿಗೆ ತೋರಿಸಿ.

## ವೇಗ ಹಿಡಿದಾಗ ಗುಂಯ್ ಎನ್ನುತ್ತದೆ

ಎಲೆವಾನ್ ಪಟಪಟನೆ ಬಡಿದುಕೊಳ್ಳುವ ಸದ್ದು ಅದು. ತಕ್ಷಣ ಮೆಲ್ಲಗೆ ಎಳೆದು ವೇಗ ಇಳಿಸಿ. ನೆಲದ ಮೇಲೆ ಹಿಂದಂಚನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ, ಸರ್ವೊ ತಿರುಗದೆ 1 ಮಿ.ಮೀ.ಗಿಂತ ಹೆಚ್ಚು ಆಡಿದರೆ ಸಡಿಲ. ಕೀಲಿನ ಟೇಪು ಎದ್ದಿರಬಹುದು, ಕಡ್ಡಿಯ ತೂತು ಅಗಲವಾಗಿರಬಹುದು, ಸರ್ವೊ ಅಂಟು ಬಿಟ್ಟಿರಬಹುದು. ಮೂರೂ ಅಗ್ಗದ ರಿಪೇರಿ.

## ಇಳಿಸುವಾಗ ನಿಲ್ಲುವುದೇ ಇಲ್ಲ

ಏರುಗಾಳಿಯಲ್ಲಿ ಇಳಿಸಲು ನೋಡಿದರೆ ಅದು ಏರುತ್ತದೆ, ಇದು ದೋಷವಲ್ಲ. ನೆತ್ತಿಯಿಂದ 15–20 ಮೀಟರ್ ಹಿಂದೆ ಎತ್ತರದಲ್ಲೇ ತಂದು, ಗಾಳಿಗೆ ಮುಖ ತಿರುಗಿಸಿ, ಮೂಗು ತುಸು ತಗ್ಗಿಸಿ ವೇಗ ಉಳಿಸಿಕೊಂಡೇ ಇಳಿಸಿ. ಕೊನೆಯ ಎರಡು ಮೀಟರಿನಲ್ಲಿ ದಪ್ಪನೆ ಕುಸಿದರೆ ಸುಳಿಗೆ ಸಿಕ್ಕಿದೆ, ಮುಂದಿನ ಸಲ ಅಂಚಿಗೆ ಇನ್ನಷ್ಟು ಹತ್ತಿರ ಇಳಿಸಿ. ಹೊಸಬರಿಗೆ ಇನ್ನೂ ಸುಲಭದ್ದು: ನೆತ್ತಿಯ ಕೆಳಗೆ, ಇಳಿಜಾರಿನ ಹುಲ್ಲಿನ ಮೇಲೇ ಗುಡ್ಡಕ್ಕೆ ಓರೆಯಾಗಿ ತಂದು ಒರಗಿಸುವುದು. ಜಂಬಿಟ್ಟಿಗೆ ಕಲ್ಲು ತೇಲಿದ ಜಾಗವಾದರೆ ಗ್ಲೈಡರಿನ ಅಡಿಗೆ ನಾರಿನ ಟೇಪು ಎರಡು ಪದರ ಹಾಕಿ, ಇಲ್ಲದಿದ್ದರೆ ಆ ಕಲ್ಲು ಫೋಮನ್ನು ಕಾಯಿ ತುರಿದ ಹಾಗೆ ತುರಿಯುತ್ತದೆ.

## ಕಾಡಿಗೆ ಬಿತ್ತು

ಯಾರೂ ಓಡಬೇಡಿ. ನಿಂತಲ್ಲೇ ನಿಂತು, ಗ್ಲೈಡರ್ ಮರೆಯಾದ ನೇರಕ್ಕೆ ಒಂದು ಮರ ಗುರುತಿಟ್ಟು, ಮೊಬೈಲಿನ ದಿಕ್ಸೂಚಿಯಲ್ಲಿ ಡಿಗ್ರಿ ಬರೆದುಕೊಳ್ಳಿ. 50 ಹೆಜ್ಜೆ ದೂರದಲ್ಲಿದ್ದ ಇನ್ನೊಬ್ಬರ ಗೆರೆಯೂ ಸಿಕ್ಕರೆ ಎರಡು ಗೆರೆ ಕೂಡುವಲ್ಲಿ ಹುಡುಕಿ. ಒಬ್ಬರು ಮೇಲೇ ನಿಂತು ದಾರಿ ಹೇಳಲಿ. ಟ್ರಾನ್ಸ್‌ಮಿಟರ್ ಆಫ್ ಮಾಡಬೇಡಿ, ಸ್ಟಿಕ್ ಆಡಿಸಿದರೆ ಸರ್ವೊ ಸದ್ದು ಕೇಳುತ್ತದೆ.

ಮರದ ಮೇಲಿದ್ದರೆ ಅಡಕೆ ಕೊಯ್ಯುವ ಫೈಬರ್ ದೋಟಿಗಿಂತ ಒಳ್ಳೆಯ ಸಲಕರಣೆ ಇಲ್ಲ, ಹತ್ತಿರದ ತೋಟದವರನ್ನು ಕೇಳಿ. ಆದರೆ ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟು ಹರಿಯುತ್ತದೆ. ಮರದ ಆಸುಪಾಸಿನಲ್ಲಿ ತಂತಿ ಇದ್ದರೆ ದೋಟಿ ಎತ್ತಲೇಬೇಡಿ. ಗ್ಲೈಡರ್ ತಂತಿಯ ಮೇಲೇ ಸಿಕ್ಕಿದ್ದರೆ ಮೆಸ್ಕಾಂಗೆ ತಿಳಿಸಿ, ಅವರು ಲೈನ್ ಆಫ್ ಮಾಡಿ ತೆಗೆಯುವ ತನಕ ಅದು ನಿಮ್ಮದಲ್ಲ. ಕತ್ತಲಾಗಲು ಒಂದು ಗಂಟೆಯೊಳಗಿದ್ದರೆ ಹುಡುಕಾಟ ನಾಳೆಗಿಡಿ, ಕಾಟಿ (ಕಾಡುಕೋಣ) ಮೇಯಲು ಹೊರಡುವ ಹೊತ್ತು ಅದು.

ಮಳೆಗಾಲದಲ್ಲಿ ಉಂಬಳ ಹತ್ತಿದರೆ ರಕ್ತ ಹೋಗುತ್ತದೆ, ಅಷ್ಟೆ. ಬೇಸಿಗೆಯ ಉಣ್ಣಿ ಹಾಗಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಹರಡುವುದು ಉಣ್ಣಿಯಿಂದ. ಡಿಸೆಂಬರಿನಿಂದ ಮೇ ತನಕ ಅದರ ಕಾಲ, ಗ್ಲೈಡರಿನ ಕಾಲವೂ ಅದೇ. ಕಾಡಿಗಿಳಿಯುವ ಮೊದಲು ಉಣ್ಣಿ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಸತ್ತ ಮಂಗ ಕಂಡರೆ ಗ್ಲೈಡರನ್ನು ಅಲ್ಲೇ ಬಿಟ್ಟು ಹಿಂದೆ ಬನ್ನಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೇಳಿ. ಮನೆಗೆ ಹೋದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ, ಮೈಮೇಲೆ ಉಣ್ಣಿ ಇದೆಯೇ ನೋಡಿಕೊಳ್ಳಿ. ಮುಂದಿನ ಹತ್ತು ಹನ್ನೆರಡು ದಿನಗಳಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ, ಯಾವ ದಿನ ಯಾವ ಕಾಡಿಗೆ ಇಳಿದಿದ್ದಿರಿ ಎಂಬುದನ್ನು ಅವರಿಗೆ ಹೇಳಿ.